ಉಂಗುರದ ಕಡೆಯ ಕೊಂಡಿ: ಧಾರವಾಡದ ಒಂದು ಎಂ.ಎಸ್ಸಿ. ಪ್ರಾಜೆಕ್ಟಿನ ಪ್ರಕರಣ

ಹತ್ತು ಸ್ಪಿನ್‌ಗಳ, ಅಂದರೆ ಪರಮಾಣುವಿನಷ್ಟು ಪುಟ್ಟ ಹತ್ತು ಅಯಸ್ಕಾಂತಗಳ, ಶಕ್ತಿಯ ಲೆಕ್ಕಕ್ಕೆ ಲ್ಯಾಪ್‌ಟಾಪ್ ಕೊಟ್ಟ ಉತ್ತರ −3.75. ಮುಂದಿನ ದಶಾಂಶ ಸ್ಥಾನಗಳಲ್ಲೆಲ್ಲ ಬರೀ ಸೊನ್ನೆ. ಪೆನ್ನು ಹಿಡಿದು ಸಾಧಿಸಬಹುದಾದ ಉತ್ತರವೂ ಅದೇ. ನಾನು ವಿದ್ಯಾರ್ಥಿನಿಯ ನೋಟ್‌ಬುಕ್ಕಿನಲ್ಲಿ "ಪ್ರೋಗ್ರಾಂ ಪರೀಕ್ಷಿಸಲಾಗಿದೆ" ಎಂದು ಬರೆದು ಸಹಿ ಹಾಕಿದೆ. ಉತ್ತರ ಸರಿ ಇತ್ತು, ಪ್ರೋಗ್ರಾಂ ತಪ್ಪಿತ್ತು. ಆ ತಪ್ಪಿನ ಮೇಲೆ ನಾವಿಬ್ಬರೂ ಸುಮಾರು ಒಂದೂವರೆ ತಿಂಗಳು ಕೆಲಸ ಕಟ್ಟಿದೆವು. ಅದು ಹೇಗೆ ಸಿಕ್ಕಿತು, ಅದಕ್ಕಿಂತ ಮುಖ್ಯವಾಗಿ ಅಷ್ಟು ದಿನ ಯಾಕೆ ಸಿಗಲಿಲ್ಲ ಎಂಬುದನ್ನು ದಾಖಲಿಸಲು ಇದನ್ನು ಬರೆಯುತ್ತಿದ್ದೇನೆ. ಬಹುಕಣ ವ್ಯವಸ್ಥೆಗಳ ಸೈದ್ಧಾಂತಿಕ ಅಧ್ಯಯನಕ್ಕೆ ಕೈಹಾಕುವ ಹುಡುಗ ಹುಡುಗಿಯರು ನಮ್ಮ ಕಡೆಯ ಕಾಲೇಜುಗಳಲ್ಲಿ ಈಗ ಮೊದಲಿಗಿಂತ ಹೆಚ್ಚಿದ್ದಾರೆ. ಅವರಲ್ಲಿ ಒಬ್ಬರಿಗಾದರೂ ಇದು ನೆರವಾದರೆ ಸಾಕು.

ವಿದ್ಯಾರ್ಥಿನಿ ಬ್ಯಾಡಗಿ ಕಡೆಯವಳು, ಎಂ.ಎಸ್ಸಿ. ಕೊನೆಯ ವರ್ಷ. ಧಾರವಾಡದಲ್ಲಿ ಹಾಸ್ಟೆಲ್ಲಿನಲ್ಲಿದ್ದು ಓದುತ್ತಿದ್ದಳು. ಕೈಯಲ್ಲಿ 8 ಜಿಬಿ ಮೆಮೊರಿಯ ಒಂದು ಲ್ಯಾಪ್‌ಟಾಪ್. ಪ್ರಯೋಗಾಲಯದ ದುಬಾರಿ ಉಪಕರಣ ಬೇಡದ, ಆದರೆ ನಿಜವಾದ ಭೌತವಿಜ್ಞಾನ ಇರುವ ವಿಷಯ ಕೊಡಿ ಎಂದು ಕೇಳಿಕೊಂಡು ಬಂದಿದ್ದಳು. ನಾನು ಸ್ಪಿನ್ ಸರಪಳಿ ಕೊಟ್ಟೆ.

ಲೆಕ್ಕ ಏನಿತ್ತು

ಒಂದು ಸಾಲಿನಲ್ಲಿ ಪುಟ್ಟ ಪುಟ್ಟ ಅಯಸ್ಕಾಂತಗಳನ್ನು ಇಟ್ಟಿದ್ದೇವೆ ಎಂದುಕೊಳ್ಳಿ. ಪ್ರತಿಯೊಂದೂ ಅರ್ಧ ಸ್ಪಿನ್ನಿನದು, ಅಂದರೆ ಅಳೆದಾಗ ಮೇಲೆ ಇಲ್ಲವೇ ಕೆಳಗೆ ಎಂಬ ಎರಡೇ ಮುಖ. ಅಕ್ಕಪಕ್ಕದವು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಮುಖ ಮಾಡಿದರೆ ಶಕ್ತಿ ಕಡಿಮೆಯಾಗುತ್ತದೆ. ಹೈಸನ್‌ಬರ್ಗ್ 1928ರಲ್ಲಿ ಬರೆದ ಮಾದರಿ ಇದು. ಇದು ಬರೀ ಕಾಗದದ ಆಟವಲ್ಲ. ಪೊಟ್ಯಾಸಿಯಂ ಕಾಪರ್ ಫ್ಲೋರೈಡ್ ಎಂಬ ಹರಳಿನಲ್ಲಿ ತಾಮ್ರದ ಅಯಾನುಗಳು ಒಂದು ದಿಕ್ಕಿನಲ್ಲಿ ಹೆಚ್ಚು ಕಡಿಮೆ ಇಂಥದೇ ಸರಪಳಿಗಳಾಗಿ ನಿಂತಿವೆ.

ಎರಡೇ ಸ್ಪಿನ್ ಇದ್ದರೆ ಕಷ್ಟವೇನಿಲ್ಲ. ಒಂದು ಮೇಲೆ, ಒಂದು ಕೆಳಗೆ ಎಂದು ಸುಮ್ಮನೆ ನಿಲ್ಲಿಸಿದರೆ ಶಕ್ತಿ −0.25. ಅದೇ ಎರಡನ್ನು ಕ್ವಾಂಟಮ್ ನಿಯಮದಂತೆ ಜೋಡಿ ಕಟ್ಟಿದರೆ, ಅಂದರೆ ಸಿಂಗ್ಲೆಟ್ ಮಾಡಿದರೆ, −0.75. ಮೂರು ಪಟ್ಟು ಲಾಭ. (ಶಕ್ತಿಯನ್ನು ಇಲ್ಲೆಲ್ಲ ಒಂದು ಕೊಂಡಿಯ, ಅಂದರೆ ಎರಡು ನೆರೆ ಸ್ಪಿನ್‌ಗಳ ನಡುವಿನ ಸಂಬಂಧದ, ಬಲವನ್ನೇ ಮಾನವಾಗಿಟ್ಟು ಅಳೆದಿದೆ.) ಮೂರನೆಯ ಸ್ಪಿನ್ ಬಂದ ಕೂಡಲೇ ತೊಡಕು ಶುರು. ನಡುವಿನ ಸ್ಪಿನ್ ಎಡಗಡೆಯದರ ಜೊತೆ ಪೂರ್ತಿ ಜೋಡಿ ಕಟ್ಟಿದರೆ ಬಲಗಡೆಯದಕ್ಕೆ ಏನೂ ಉಳಿಯುವುದಿಲ್ಲ. ಎರಡೂ ಕಡೆ ಹಂಚಿದರೆ ಯಾವ ಜೋಡಿಯೂ ಪೂರ್ಣವಲ್ಲ. ಹೀಗೆ ಪ್ರತಿಯೊಂದರ ಹಂಚಿಕೆ ಪಕ್ಕದ್ದರ ಹಂಚಿಕೆಯನ್ನು ಬದಲಿಸುತ್ತ, ಅದು ಅದರಾಚೆಯದನ್ನು ಬದಲಿಸುತ್ತ ಹೋಗುತ್ತದೆ. ಬಹುಕಣ ಸಮಸ್ಯೆಯ ಗಂಟು ಇಲ್ಲೇ ಇದೆ. ಒಂದು ಕಣವನ್ನು ಬಿಡಿಯಾಗಿ ತಿಳಿದುಕೊಂಡು, ಆಮೇಲೆ ಹತ್ತರಿಂದ ಗುಣಿಸಿದರೆ ಹತ್ತು ಕಣಗಳ ಕಥೆ ಬರುವುದಿಲ್ಲ.

1931ರಲ್ಲಿ ಹಾನ್ಸ್ ಬೆಥೆ ಕೊನೆಯಿಲ್ಲದಷ್ಟು ಉದ್ದದ ಸರಪಳಿಗೆ ದಾರಿ ತೋರಿಸಿದ. ಅವನಿಗೆ ಆಗ ಇಪ್ಪತ್ತೈದರ ಆಸುಪಾಸಿನ ವಯಸ್ಸು. ಅದೇ ದಾರಿಯಲ್ಲಿ ಹೋಗಿ 1938ರಲ್ಲಿ ಹುಲ್ಥೆನ್ ಅತಿ ಕಡಿಮೆ ಶಕ್ತಿಯ ಸ್ಥಿತಿಯ, ಅಂದರೆ ಗ್ರೌಂಡ್ ಸ್ಟೇಟಿನ ಲೆಕ್ಕ ಮುಗಿಸಿದ. ಒಂದು ಸ್ಪಿನ್ನಿಗೆ ಬೀಳುವ ಶಕ್ತಿ 0.25ರಿಂದ 2ರ ಸಹಜ ಲಾಗರಿದಮ್ ಕಳೆದಷ್ಟು, ಎಂದರೆ −0.443147. ಮೇಲೆ ಕೆಳಗೆ ಎಂದು ಸುಮ್ಮನೆ ನಿಲ್ಲಿಸಿದ ಸಾಲಿನಲ್ಲಿ ಇದು −0.25 ಮಾತ್ರ. ನಡುವಿನ ವ್ಯತ್ಯಾಸವೆಲ್ಲ ಆ ಹಂಚಿಕೆಯ ಗಳಿಕೆ.

ಉತ್ತರ ಮೊದಲೇ ಗೊತ್ತಿದ್ದ ಮೇಲೆ ಮತ್ತೆ ಯಾಕೆ ಲೆಕ್ಕ ಹಾಕಬೇಕು ಎಂದು ಅವಳೂ ಕೇಳಿದಳು. ಬೆಥೆಯ ದಾರಿ ಕೆಲವೇ ಮಾದರಿಗಳಿಗೆ ಹೊಂದುತ್ತದೆ. ಮುಂದಿನ ಲೇಖನದಲ್ಲಿ ಎರಡು ಮೂರು ಆಯಾಮಗಳಿಗೂ ಇದನ್ನು ವಿಸ್ತರಿಸುತ್ತೇನೆ ಎಂದು ಅವನೇ ಬರೆದಿದ್ದ, ಆ ಲೇಖನ ಬರಲೇ ಇಲ್ಲ. ಮಾದರಿ ತುಸು ಬದಲಾದರೂ ಸಾಕು, ಕಂಪ್ಯೂಟರಿನಲ್ಲಿ ಪುಟ್ಟ ಸರಪಳಿಗಳನ್ನು ಬಿಡಿಸಿ, ಉದ್ದ ಹೆಚ್ಚಿಸುತ್ತ ಹೋಗಿ, ಕೊನೆಯಿಲ್ಲದ ಸರಪಳಿಯನ್ನು ಊಹಿಸಬೇಕಾಗುತ್ತದೆ. ಆ ಕಂಪ್ಯೂಟರ್ ಪ್ರೋಗ್ರಾಂ ನಂಬಿಕೆಗೆ ಅರ್ಹವೋ ಅಲ್ಲವೋ ಎಂದು ನೋಡಲು ಬೆಥೆಯ ಉತ್ತರವೇ ಒರೆಗಲ್ಲು.

ಪುಟ್ಟ ಸರಪಳಿಗೆ ಒಂದು ತೊಂದರೆ ಇದೆ, ಅದಕ್ಕೆ ಎರಡು ತುದಿ. ಪಂಕ್ತಿಯಲ್ಲಿ ಕೂತಾಗ ಕೊನೆಯವನಿಗೆ ಒಂದೇ ಪಕ್ಕ ಜನ ಇರುವ ಹಾಗೆ, ತುದಿಯ ಸ್ಪಿನ್ನಿಗೆ ಒಂದೇ ನೆರೆ. ಕೊನೆಯಿಲ್ಲದ ಸರಪಳಿಯಲ್ಲಿ ಇಂಥ ಒಂಟಿ ತುದಿಗಳಿಲ್ಲ. ಆದ್ದರಿಂದ ತುದಿಗಳೆರಡನ್ನೂ ಸೇರಿಸಿ ಉಂಗುರ ಮಾಡುತ್ತೇವೆ, ಹತ್ತನೆಯದು ಮತ್ತೆ ಒಂದನೆಯದಕ್ಕೆ ನೆರೆಯಾಗುತ್ತದೆ. ನಾವು ಮಾಡಲು ಹೊರಟದ್ದು 4, 6, 8, 10, 12 ಸ್ಪಿನ್‌ಗಳ ಉಂಗುರ.

ಮೊದಲು ಬಂದ ಉತ್ತರ

ಅವಳು ಪ್ರೋಗ್ರಾಂ ಬರೆದು ಓಡಿಸಿದಳು. ಒಂದು ಸ್ಪಿನ್ನಿಗೆ ಬೀಳುವ ಶಕ್ತಿ ನಾಲ್ಕಕ್ಕೆ −0.4040, ಆರಕ್ಕೆ −0.4156, ಎಂಟಕ್ಕೆ −0.4219, ಹತ್ತಕ್ಕೆ −0.4258, ಹನ್ನೆರಡಕ್ಕೆ −0.4285. ಎಷ್ಟು ನಯವಾಗಿ ಬೆಥೆಯ ಸಂಖ್ಯೆಯ ಕಡೆಗೆ ಹೋಗುತ್ತಿವೆ ನೋಡಿ. ಕೊನೆಯ ಎರಡು ಬಿಂದುಗಳ ನಡುವೆ, ಉದ್ದದ ವರ್ಗದ ವ್ಯುತ್ಕ್ರಮವನ್ನು ಅಡ್ಡ ಅಕ್ಷದಲ್ಲಿಟ್ಟು ಗೆರೆ ಎಳೆದಾಗ ಕೊನೆಯಿಲ್ಲದ ಸರಪಳಿಗೆ ಬಂದದ್ದು −0.4347.

"ಸರ, ಎರಡು ಪರ್ಸೆಂಟ್ ಅಷ್ಟ ಫರಕ್ ಐತ್ರಿ" ಎಂದಳು. ಹನ್ನೆರಡೇ ಸ್ಪಿನ್ನಿನಿಂದ ಅನಂತಕ್ಕೆ ಜಿಗಿದಿದ್ದೇವೆ, ಎರಡು ಪರ್ಸೆಂಟ್ ಇರಲಿ ಬಿಡು ಎಂದೆ. ಈ ಮಾತು ಹೇಳಿದ್ದಕ್ಕೆ ನನಗೆ ಇಂದಿಗೂ ಬೇಸರವಿದೆ. ಉತ್ತರ ಗೊತ್ತಿರುವ ಲೆಕ್ಕದಲ್ಲಿ ಎರಡು ಪರ್ಸೆಂಟ್ ವ್ಯತ್ಯಾಸಕ್ಕೆ ಕಾರಣ ಕೇಳದೆ ಬಿಡಬಾರದಿತ್ತು.

ಪ್ರೋಗ್ರಾಮನ್ನು ಪರೀಕ್ಷಿಸಲೇ ಇಲ್ಲ ಎಂದಲ್ಲ. ಪರೀಕ್ಷಿಸಿದೆವು, ಅದೂ ಒಳ್ಳೆಯ ಪರೀಕ್ಷೆಯಿಂದಲೇ. 1969ರಲ್ಲಿ ಚಂಚಲ್ ಕುಮಾರ್ ಮಜುಂದಾರ್ ಮತ್ತು ದೀಪನ್ ಘೋಷ್ ಈ ಸರಪಳಿಗೆ ಒಂದು ಸೇರ್ಪಡೆ ಮಾಡಿದರು. ಪಕ್ಕದ ಸ್ಪಿನ್ನಿನ ಜೊತೆಗಷ್ಟೇ ಅಲ್ಲ, ಒಂದು ಬಿಟ್ಟು ಒಂದರ ಜೊತೆಗೂ ಕೊಂಡಿ ಇರಲಿ, ಅದರ ಬಲ ಸರಿಯಾಗಿ ಅರ್ಧ ಇರಲಿ. ಆಗ ಆ ಇಡೀ ಗೋಜಲು ಒಮ್ಮೆಲೇ ಬಿಚ್ಚಿಕೊಳ್ಳುತ್ತದೆ. ಒಂದು ಎರಡರ ಜೊತೆ, ಮೂರು ನಾಲ್ಕರ ಜೊತೆ, ಐದು ಆರರ ಜೊತೆ, ಹೀಗೆ ಬಿಡಿ ಬಿಡಿ ಸಿಂಗ್ಲೆಟ್ ಜೋಡಿಗಳೇ ನಿಖರವಾದ ಗ್ರೌಂಡ್ ಸ್ಟೇಟ್. ಪ್ರತಿ ಜೋಡಿಗೆ −0.75, ಆದ್ದರಿಂದ ಪ್ರತಿ ಸ್ಪಿನ್ನಿಗೆ −0.375. ಹತ್ತು ಸ್ಪಿನ್ನಿಗೆ −3.75. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಮಾಡಿದ ಈ ಕೆಲಸವನ್ನು ಜಗತ್ತಿನಲ್ಲೆಲ್ಲ ಇಂದಿಗೂ ಪ್ರೋಗ್ರಾಂ ಪರೀಕ್ಷೆಗೆ ಬಳಸುತ್ತಾರೆ. ನಮ್ಮ ನೆಲದ ಕೆಲಸ ಎಂಬ ಅಭಿಮಾನವೂ ನನಗಿದೆ. ಅವಳ ಪ್ರೋಗ್ರಾಮಿಗೆ ಆ ಸೇರ್ಪಡೆ ಹಾಕಿ ಓಡಿಸಿದಾಗಲೇ ಆರಂಭದಲ್ಲಿ ಹೇಳಿದ −3.75 ಬಂದದ್ದು, ನಾನು ಸಹಿ ಹಾಕಿದ್ದು.

ಅನುಮಾನ ಹುಟ್ಟಿದ್ದು

ಪ್ರಾಜೆಕ್ಟ್ ವರದಿಯ ಮೊದಲ ಕರಡನ್ನು ಒಂದು ರಾತ್ರಿ ಮನೆಯಲ್ಲಿ ಓದುತ್ತಿದ್ದೆ. ಹೊರಗೆ ಧಾರವಾಡದ ಜಿಟಿಜಿಟಿ ಮಳೆ. ಅವಳು ಎಳೆದ ಗ್ರಾಫಿನಲ್ಲಿ ಗೆರೆ ಮೇಲಿಂದ ಕೆಳಗೆ ಇಳಿಯುತ್ತಿತ್ತು, ಸರಪಳಿ ಉದ್ದವಾದಂತೆ ಪ್ರತಿ ಸ್ಪಿನ್ನಿನ ಶಕ್ತಿ ಇನ್ನೂ ಕಡಿಮೆಯಾಗುತ್ತಿತ್ತು. ನಾಲ್ಕು ಸಲ ನೋಡಿದ್ದ ಗ್ರಾಫು. ಐದನೆಯ ಸಲ ಏನೋ ಚುಚ್ಚಿತು.

ತುದಿ ತೆರೆದ ಸರಪಳಿಯಾದರೆ ಹೀಗೇ ಇಳಿಯಬೇಕು, ಅದನ್ನು ಸುಲಭವಾಗಿ ಸಾಧಿಸಬಹುದು. ಹತ್ತು ಸ್ಪಿನ್ನಿನ ಎರಡು ತೆರೆದ ಸರಪಳಿಗಳನ್ನು ಒಂದರ ಮುಂದೊಂದು ಇಡಿ, ನಡುವೆ ಕೊಂಡಿ ಹಾಕಿ. ಎರಡೂ ತಮ್ಮ ತಮ್ಮ ಹಳೆಯ ಸ್ಥಿತಿಯಲ್ಲೇ ಇದ್ದರೆ ಹೊಸ ಕೊಂಡಿಯ ಸರಾಸರಿ ಶಕ್ತಿ ಸೊನ್ನೆ, ಒಟ್ಟು ಶಕ್ತಿ ಎರಡರ ಮೊತ್ತ. ನಿಜವಾದ ಗ್ರೌಂಡ್ ಸ್ಟೇಟ್ ಅದಕ್ಕಿಂತ ಮೇಲಿರಲು ಸಾಧ್ಯವಿಲ್ಲ. ಹಾಗಾಗಿ ತೆರೆದ ಸರಪಳಿಯನ್ನು ಇಮ್ಮಡಿ ಮಾಡಿದಾಗಲೆಲ್ಲ ಪ್ರತಿ ಸ್ಪಿನ್ನಿನ ಶಕ್ತಿ ಇಳಿಯುತ್ತದೆ.

ಸಮಸಂಖ್ಯೆಯ ಉಂಗುರದ ನಡತೆ ಇದಕ್ಕೆ ತಿರುಗುಮುರುಗು. ಪುಟ್ಟ ಉಂಗುರದಲ್ಲಿ ಸುತ್ತಿ ಬಂದ ಸಂಬಂಧ ತನ್ನನ್ನೇ ಗಟ್ಟಿ ಮಾಡಿಕೊಳ್ಳುತ್ತದೆ, ಶಕ್ತಿ ಅನಂತ ಸರಪಳಿಗಿಂತ ಕೆಳಗಿರುತ್ತದೆ. ಉಂಗುರ ದೊಡ್ಡದಾದಂತೆ ಅದು ಮೇಲೇರುತ್ತ ಬೆಥೆಯ ಸಂಖ್ಯೆಗೆ ಬರಬೇಕು. ಕ್ಷೇತ್ರ ಸಿದ್ಧಾಂತ ಆ ಏರಿಕೆಯ ಅಳತೆಯನ್ನೂ ಹೇಳುತ್ತದೆ. ಕೊರತೆಯು ಪೈ ವರ್ಗದ ಹನ್ನೆರಡರಲ್ಲಿ ಒಂದು ಭಾಗ, ಅಂದರೆ 0.8225, ಅದನ್ನು ಉದ್ದದ ವರ್ಗದಿಂದ ಭಾಗಿಸಿದಷ್ಟು. ನಾವು "ಎಷ್ಟು ದೂರ ಇದೆ" ಎಂದು ನೋಡಿದೆವೇ ಹೊರತು "ಯಾವ ಕಡೆಯಿಂದ ಬರುತ್ತಿದೆ" ಎಂದು ನೋಡಲಿಲ್ಲ.

ಖಾನಾವಳಿಯ ಮೇಜು

ಮರುದಿನ ಮಧ್ಯಾಹ್ನ ವಿಭಾಗದಲ್ಲಿ ಕರೆಂಟ್ ಇರಲಿಲ್ಲ. ಅವಳನ್ನೂ ಅವಳ ಗೆಳತಿಯನ್ನೂ ಕರೆದುಕೊಂಡು ಹತ್ತಿರದ ಖಾನಾವಳಿಗೆ ಹೋದೆ. ರೊಟ್ಟಿ ಬರುವುದರೊಳಗೆ ನೀರಿನ ನಾಲ್ಕು ಸ್ಟೀಲ್ ಗ್ಲಾಸುಗಳನ್ನು ಮೇಜಿನ ಮೇಲೆ ಚೌಕವಾಗಿ ಇಟ್ಟೆ.

"ನೋಡವಾ, ಇವು ನಾಲ್ಕು ಸ್ಪಿನ್. ಉಂಗುರ. ಇದರ ಶಕ್ತಿ ಪೆನ್ನು ಹಿಡದು ತಗೀ."

ಅವಳು ತಡಮಾಡಲಿಲ್ಲ. ಒಂದು ಮತ್ತು ಮೂರನೆಯ ಗ್ಲಾಸನ್ನು ತನ್ನ ಕಡೆ ಸರಿಸಿದಳು, ಎರಡು ಮತ್ತು ನಾಲ್ಕನ್ನು ನನ್ನ ಕಡೆ. ನಾಲ್ಕರ ಉಂಗುರದಲ್ಲಿ ಈ ಗುಂಪಿನ ಪ್ರತಿಯೊಂದಕ್ಕೂ ಆ ಗುಂಪಿನ ಎರಡೂ ನೆರೆ, ತಮ್ಮೊಳಗೆ ಕೊಂಡಿಯಿಲ್ಲ. ಹಾಗಾಗಿ ಇಡೀ ಲೆಕ್ಕ ಎರಡು ದೊಡ್ಡ ಸ್ಪಿನ್‌ಗಳ ನಡುವಿನ ಒಂದೇ ಕೊಂಡಿಯಾಗಿ ಕುಗ್ಗುತ್ತದೆ. ಪ್ರತಿ ಗುಂಪಿನ ಸ್ಪಿನ್ ಒಂದು, ಎರಡೂ ಕೂಡಿ ಸೊನ್ನೆ. ಸ್ಪಿನ್ ಒಂದಾದರೆ ಕ್ವಾಂಟಮ್ ನಿಯಮದಲ್ಲಿ ಅದರ ವರ್ಗ ಒಂದಲ್ಲ, ಎರಡು. ಸೊನ್ನೆಯಿಂದ ಎರಡು, ಇನ್ನೂ ಎರಡು ಕಳೆದು ಅರ್ಧ ಮಾಡಿದರೆ −2. ಪೇಪರ್ ನ್ಯಾಪ್ಕಿನ್ನಿನ ಮೇಲೆ ಮೂರು ಸಾಲು.

"ಮೈನಸ್ ಎರಡ್ರಿ ಸರ. ಒಂದು ಸ್ಪಿನ್ನಿಗೆ ಮೈನಸ್ ಅರ್ಧ."

"ನಿನ್ನ ಪ್ರೋಗ್ರಾಂ ಏನ್ ಹೇಳತೈತಿ?"

ಮೊಬೈಲಿನಲ್ಲಿದ್ದ ಫೈಲ್ ತೆರೆದಳು. −1.616. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಬಂದವು, ಅವಳ ಕೈ ತಟ್ಟೆಗೆ ಹೋಗಲಿಲ್ಲ. ಆ ಹುಡುಗಿಯ ಮುಖ ನೋಡಿ ನನಗೆ ಸಂಕಟವಾಯಿತು. ಊಟ ಮಾಡವಾ, ಈ ತಪ್ಪಿನ್ಯಾಗ ನಂದೂ ಪಾಲೈತಿ ಎಂದೆ.

ಊಟದ ನಡುವೆಯೇ ಅವಳು ಒಂದು ಗ್ಲಾಸನ್ನು ಎತ್ತಿ ಪಕ್ಕಕ್ಕಿಟ್ಟಳು, ಮತ್ತೆ ಇಟ್ಟಳು, ಆಮೇಲೆ ನಾಲ್ಕನ್ನೂ ಸಾಲಾಗಿ ನಿಲ್ಲಿಸಿದಳು. ನಾಲ್ಕರ ತೆರೆದ ಸಾಲಿನ ಉತ್ತರವೂ ಕೈಲೆಕ್ಕಕ್ಕೆ ಸಿಗುವಂಥದು: 3ಕ್ಕೆ 3ರ ವರ್ಗಮೂಲದ ಇಮ್ಮಡಿ ಕೂಡಿಸಿ 4ರಿಂದ ಭಾಗಿಸಿ, ಮುಂದೆ ಮೈನಸ್ ಹಾಕಬೇಕು. −1.616. ಮೂರನೆಯ ದಶಾಂಶದವರೆಗೂ ಅವಳ ಪ್ರೋಗ್ರಾಮಿನ ಸಂಖ್ಯೆಯೇ. ಪ್ರೋಗ್ರಾಂ ಉಂಗುರ ಮಾಡಿಯೇ ಇರಲಿಲ್ಲ. ಕಡೆಯ ಕೊಂಡಿ ಇರಲಿಲ್ಲ.

ತಪ್ಪು ಕೂತಿದ್ದ ಜಾಗ

ಪೈಥಾನ್ ಭಾಷೆಯಲ್ಲಿ ಎಣಿಕೆ ಸೊನ್ನೆಯಿಂದ ಶುರು. ಹತ್ತು ಸ್ಪಿನ್ನಿಗೆ ಕೊನೆಯ ಸ್ಪಿನ್ನಿನ ಸಂಖ್ಯೆ ಒಂಬತ್ತು. ಅವಳು ಬರೆದ ಸುತ್ತು (ಲೂಪ್) ಪ್ರತಿ ಸ್ಪಿನ್ನನ್ನೂ ಅದರ ಮುಂದಿನದಕ್ಕೆ ಕೊಂಡಿ ಹಾಕುತ್ತ ಹೋಗುತ್ತಿತ್ತು. ಒಂಬತ್ತರ ಮುಂದಿನದು ಹತ್ತು, ಆ ಸಂಖ್ಯೆಯ ಸ್ಪಿನ್ನೇ ಇಲ್ಲ. ಪ್ರೋಗ್ರಾಂ ಕೆಂಪು ಅಕ್ಷರದಲ್ಲಿ ಎರರ್ ತೋರಿಸಿ ನಿಂತಿತು.

"ಪ್ರೋಗ್ರಾಂ ಓಡವಲ್ದಾಗಿತ್ರಿ ಸರ. ಸುತ್ತು ಒಂದು ಕಡಿಮಿ ಮಾಡಿದ್ನಿರಿ. ಎರರ್ ಹೋತ್ರಿ."

ಎರರ್ ಹೋಯಿತು, ಅದರ ಜೊತೆಗೆ ಹತ್ತನೆಯ ಕೊಂಡಿಯೂ ಹೋಯಿತು. ಮಾಡಬೇಕಾದದ್ದು ಸುತ್ತನ್ನು ಮೊಟಕು ಮಾಡುವುದಲ್ಲ, ಹತ್ತನ್ನು ಮತ್ತೆ ಸೊನ್ನೆಗೆ ತಿರುಗಿಸುವುದು. ಗಡಿಯಾರದಲ್ಲಿ ಹನ್ನೆರಡಾದ ಮೇಲೆ ಒಂದು ಬರುವ ಹಾಗೆ, ಹತ್ತರಿಂದ ಭಾಗಿಸಿ ಶೇಷವನ್ನು ತೆಗೆದುಕೊಂಡರೆ ಆಯಿತು. ಒಂದು ಶೇಷದ ಚಿಹ್ನೆ, ಅಷ್ಟೇ ತಿದ್ದುಪಡಿ.

ಇದು ದಡ್ಡತನದ ತಪ್ಪಲ್ಲ. ಕಂಪ್ಯೂಟರ್ ಎರರ್ ಕೊಟ್ಟಾಗ ಅದನ್ನು ಹೋಗಲಾಡಿಸುವುದು ಎಲ್ಲರ ಮೊದಲ ಪ್ರವೃತ್ತಿ. ಆದರೆ ಇಲ್ಲಿ ಆ ಎರರ್ ಭೌತವಿಜ್ಞಾನದ ಪ್ರಶ್ನೆಯನ್ನೇ ಕೇಳುತ್ತಿತ್ತು: ನಿನ್ನ ಕೊನೆಯ ಸ್ಪಿನ್ನಿನ ಮುಂದೆ ಯಾರಿದ್ದಾರೆ? ಅವಳು ಅದನ್ನು ಟೈಪಿಂಗ್ ತಪ್ಪಿನ ಹಾಗೆ ನೋಡಿದಳು. ನಾನು ಪ್ರೋಗ್ರಾಮಿನ ಸಾಲುಗಳನ್ನು ಓದದೆ ಉತ್ತರವನ್ನಷ್ಟೇ ಓದಿದೆ.

ಒಳ್ಳೆಯ ಪರೀಕ್ಷೆ ಯಾಕೆ ಹಿಡಿಯಲಿಲ್ಲ

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ದಿನ ಕಾಡಿದ್ದು ಇದೇ. ಕೊಂಡಿ ತಪ್ಪಿದ ಪ್ರೋಗ್ರಾಂ ಮಜುಂದಾರ್–ಘೋಷ್ ಪರೀಕ್ಷೆಯನ್ನು ದಶಾಂಶ ತಪ್ಪದೆ ಹೇಗೆ ಪಾಸು ಮಾಡಿತು?

ಆ ಮಾದರಿಯಲ್ಲಿ ಪಕ್ಕದ ಕೊಂಡಿಗೂ ಸುತ್ತು ಮೊಟಕಾಗಿತ್ತು, ಒಂದು ಬಿಟ್ಟು ಒಂದರ ಕೊಂಡಿಗೂ ಮೊಟಕಾಗಿತ್ತು. ಹತ್ತರ ಉಂಗುರದಲ್ಲಿ ಒಟ್ಟು ಮೂರು ಕೊಂಡಿ ಬಿಟ್ಟುಹೋಗಿದ್ದವು: ಹತ್ತರಿಂದ ಒಂದಕ್ಕೆ, ಒಂಬತ್ತರಿಂದ ಒಂದಕ್ಕೆ, ಹತ್ತರಿಂದ ಎರಡಕ್ಕೆ. ಈಗ ಜೋಡಿಗಳನ್ನು ನೋಡಿ. ಒಂದು ಎರಡು, ಮೂರು ನಾಲ್ಕು, ಹೀಗೆ ಒಂಬತ್ತು ಹತ್ತರವರೆಗೆ. ಬಿಟ್ಟುಹೋದ ಮೂರೂ ಕೊಂಡಿಗಳು ಒಂದು ಜೋಡಿಯ ಸ್ಪಿನ್ನಿನಿಂದ ಬೇರೆ ಜೋಡಿಯ ಸ್ಪಿನ್ನಿಗೆ ಹೋಗುವಂಥವು. ಸಿಂಗ್ಲೆಟ್ ಜೋಡಿ ಎಂಥದ್ದೆಂದರೆ, ಅದರೊಳಗಿನ ಒಂದು ಸ್ಪಿನ್ ಹೊರಗಿನವರಿಗೆ ಯಾವ ದಿಕ್ಕನ್ನೂ ತೋರಿಸುವುದಿಲ್ಲ. ಹಾಗಾಗಿ ಆ ಮೂರೂ ಕೊಂಡಿಗಳ ಸರಾಸರಿ ಶಕ್ತಿ ಸೊನ್ನೆ. ಇದ್ದರೂ ಸೊನ್ನೆ, ಇಲ್ಲದಿದ್ದರೂ ಸೊನ್ನೆ. ತೆರೆದ ಸರಪಳಿಗೂ −3.75, ಉಂಗುರಕ್ಕೂ −3.75. ನಾವು ಆರಿಸಿಕೊಂಡ ಪರೀಕ್ಷೆ ನಮ್ಮ ತಪ್ಪಿಗೆ ಕುರುಡಾಗಿತ್ತು.

ಪೂರ್ತಿ ಕುರುಡಲ್ಲ, ನಾವು ಕೇಳಿದ ಪ್ರಶ್ನೆ ಅರ್ಧ ಮಾತ್ರ. ಉಂಗುರದಲ್ಲಿ ಜೋಡಿ ಕಟ್ಟಲು ಎರಡು ಬಗೆ ಇವೆ. ಒಂದು ಎರಡು, ಮೂರು ನಾಲ್ಕು ಎಂದು ಒಂದು ಬಗೆ. ಎರಡು ಮೂರು, ನಾಲ್ಕು ಐದು ಎಂದು ಹೋಗಿ ಹತ್ತು ಒಂದಕ್ಕೆ ಮುಗಿಯುವುದು ಇನ್ನೊಂದು ಬಗೆ. ಎರಡಕ್ಕೂ ಶಕ್ತಿ ಒಂದೇ. ಉಂಗುರಕ್ಕೆ ಗ್ರೌಂಡ್ ಸ್ಟೇಟ್ ಎರಡಿರಬೇಕು. ತೆರೆದ ಸರಪಳಿಯಲ್ಲಿ ಹತ್ತು ಮತ್ತು ಒಂದರ ನಡುವೆ ಕೊಂಡಿಯೇ ಇಲ್ಲ, ಎರಡನೆಯ ಬಗೆಯಲ್ಲಿ ನಾಲ್ಕು ಜೋಡಿಯ ಲಾಭ ಮಾತ್ರ, ಅದು ಸೋಲುತ್ತದೆ. ಅಲ್ಲಿ ಗ್ರೌಂಡ್ ಸ್ಟೇಟ್ ಒಂದೇ. ಅವಳ ಪ್ರೋಗ್ರಾಂ ಎಲ್ಲ 1,024 ಶಕ್ತಿಗಳನ್ನೂ ಲೆಕ್ಕ ಹಾಕಿ ಪಟ್ಟಿಯ ಮೊದಲನೆಯದನ್ನು ಮಾತ್ರ ಮುದ್ರಿಸುತ್ತಿತ್ತು. ಎರಡನೆಯದನ್ನೂ ಮುದ್ರಿಸು ಎಂದು ನಾನು ಅಂದೇ ಹೇಳಿದ್ದರೆ ಒಂದೂವರೆ ತಿಂಗಳು ಉಳಿಯುತ್ತಿತ್ತು.

ಆದ್ದರಿಂದ ಈಗ ನಾನು ಪರೀಕ್ಷೆಯನ್ನು ಆರಿಸುವ ಮೊದಲು ಒಂದು ಪ್ರಶ್ನೆ ಕೇಳಿಸುತ್ತೇನೆ: ಯಾವ ತಪ್ಪಿದ್ದರೆ ಈ ಪರೀಕ್ಷೆ ಫೇಲಾಗುತ್ತದೆ? ಹೆಸರಿಟ್ಟು ಹೇಳಬೇಕು. ಚಿಹ್ನೆ ತಪ್ಪಿದರೆ, ಅರ್ಧದ ಗುಣಕ ಬಿಟ್ಟುಹೋದರೆ, ಕೊಂಡಿ ತಪ್ಪಿದರೆ. ಕೊಂಡಿಗೆ ನೇರವಾದ ಪರೀಕ್ಷೆ ಬೇರೆಯೇ ಇದೆ. ಎಲ್ಲ ಸ್ಪಿನ್‌ಗಳನ್ನೂ ಒಂದೊಂದು ಮನೆ ಮುಂದೆ ಸರಿಸಿ, ಮ್ಯಾಟ್ರಿಕ್ಸ್, ಅಂದರೆ ಎಲ್ಲ ಕೊಂಡಿಗಳ ಲೆಕ್ಕವನ್ನು ಹಿಡಿದಿಡುವ ಸಂಖ್ಯೆಗಳ ಚೌಕ ಕೋಷ್ಟಕ, ಬದಲಾಗದೆ ಉಳಿಯುತ್ತದೆಯೇ ನೋಡಬೇಕು. ಉಂಗುರವಾದರೆ ಬದಲಾಗುವುದಿಲ್ಲ, ಎಲ್ಲಾದರೂ ಒಂದು ಕೊಂಡಿ ಕಡಿದಿದ್ದರೆ ತಕ್ಷಣ ಗೊತ್ತಾಗುತ್ತದೆ. ಹತ್ತು ಸಾಲಿನ ಪ್ರೋಗ್ರಾಂ ಸಾಕು.

ತಿದ್ದಿದ ಮೇಲೆ

ಶೇಷದ ಚಿಹ್ನೆ ಹಾಕಿ ಓಡಿಸಿದಾಗ ಪ್ರತಿ ಸ್ಪಿನ್ನಿಗೆ ಬಂದದ್ದು ನಾಲ್ಕಕ್ಕೆ −0.5, ಆರಕ್ಕೆ −0.46713, ಎಂಟಕ್ಕೆ −0.45639, ಹತ್ತಕ್ಕೆ −0.45154, ಹನ್ನೆರಡಕ್ಕೆ −0.44895. ಗೆರೆ ಕೆಳಗಿಂದ ಮೇಲೆ ಬಂತು. ಮೊದಲಿನ ಹಾಗೇ ಕೊನೆಯ ಎರಡು ಬಿಂದುಗಳ ನಡುವೆ ಗೆರೆ ಎಳೆದಾಗ ಅನಂತ ಸರಪಳಿಗೆ −0.44305. ಬೆಥೆಯ ಸಂಖ್ಯೆಗೂ ಇದಕ್ಕೂ ಫರಕು ಒಂದು ಪರ್ಸೆಂಟಿನ ಐವತ್ತರಲ್ಲಿ ಒಂದು ಭಾಗಕ್ಕೆ ಹತ್ತಿರ. ಹನ್ನೆರಡು ಸ್ಪಿನ್ನಿನಿಂದಲೇ ಇಷ್ಟು. ಎರಡು ಪರ್ಸೆಂಟನ್ನು "ಇರಲಿ ಬಿಡು" ಎಂದ ದಿನ ನನಗೆ ಮತ್ತೆ ನೆನಪಾಯಿತು.

ತೆರೆದ ಸರಪಳಿಯ ಹಳೆಯ ಅಂಕಿಗಳನ್ನು ಅಳಿಸಿಬಿಡುತ್ತೇನೆ ಎಂದಳು. ಬೇಡವೆಂದೆ. ಅವು ತಪ್ಪು ಅಂಕಿಗಳಲ್ಲ, ಬೇರೊಂದು ವ್ಯವಸ್ಥೆಯ ಸರಿಯಾದ ಅಂಕಿಗಳು. ನಿಜವಾದ ಹರಳಿನಲ್ಲಿ ಕಲಬೆರಕೆ ಪರಮಾಣು ಸೇರಿದಲ್ಲಿ ಸರಪಳಿ ತುಂಡಾಗಿ ತುದಿ ತೆರೆದುಕೊಳ್ಳುತ್ತದೆ. ಅಲ್ಲದೆ ಹನ್ನೆರಡರ ಒಟ್ಟು ಶಕ್ತಿಯಿಂದ ಹತ್ತರದನ್ನು ಕಳೆದು ಅರ್ಧ ಮಾಡಿದರೆ ತುದಿಗಳ ಪ್ರಭಾವ ಬಹುಮಟ್ಟಿಗೆ ವಜಾ ಆಗುತ್ತದೆ: −5.1421ರಿಂದ −4.2580 ಕಳೆದರೆ −0.8841, ಅರ್ಧ −0.4420. ಅದೇ ಹಳೆಯ ಅಂಕಿಗಳಿಂದಲೇ ಬೆಥೆಯ ಹತ್ತಿರ ಬಂದೆವು. ಅವಳ ವರದಿಯಲ್ಲಿ ಈಗ ಎರಡೂ ಕೋಷ್ಟಕಗಳಿವೆ.

ಇದಾದ ವಾರಕ್ಕೇ ಅವಳು ಗಾಬರಿಯಾಗಿ ಬಂದಳು. ಬೆಸಸಂಖ್ಯೆಗಳನ್ನೂ ಹಾಕಿ ನೋಡಿದ್ದಳು. ಮೂರರ ಉಂಗುರಕ್ಕೆ ಪ್ರತಿ ಸ್ಪಿನ್ನಿಗೆ −0.25, ಐದಕ್ಕೆ −0.3736. ಸಮಸಂಖ್ಯೆಯವು ಕೆಳಗೆ, ಬೆಸದವು ಮೇಲೆ, ಗ್ರಾಫ್ ಗರಗಸದ ಹಲ್ಲಿನ ಹಾಗೆ ಕಾಣುತ್ತಿತ್ತು. "ಮತ್ತ ಎಲ್ಲೋ ಕೊಂಡಿ ಬಿಟ್ಟೀನೇನ್ರಿ?" ಎಂದಳು. ಒಮ್ಮೆ ಪೆಟ್ಟು ತಿಂದವರ ಅನುಮಾನ ಅದು, ಆರೋಗ್ಯಕರ ಅನುಮಾನ. ಈ ಸಲ ಪ್ರೋಗ್ರಾಂ ಸರಿ ಇತ್ತು. ಐದು ಜನ ದುಂಡಗೆ ಕೂತು, ಅಕ್ಕಪಕ್ಕದವರು ವಿರುದ್ಧ ದಿಕ್ಕಿಗೆ ಮುಖ ಮಾಡಬೇಕೆಂದರೆ ಒಂದು ಕಡೆ ತಪ್ಪಲೇಬೇಕು. ಬೆಸ ಉಂಗುರಕ್ಕೆ ಆ ತೊಡಕು ಹುಟ್ಟಿನಿಂದಲೇ ಇದೆ, ಶಕ್ತಿ ಮೇಲಿರುತ್ತದೆ. ಐದರ ಉಂಗುರದಲ್ಲಿ ಒಂದೇ ಕನಿಷ್ಠ ಶಕ್ತಿಗೆ ನಾಲ್ಕು ಸ್ಥಿತಿಗಳು ಬರಬೇಕು. ಎಣಿಸಿದಳು, ನಾಲ್ಕು ಬಂದವು. 1964ರಲ್ಲಿ ಜಿಲ್ ಬಾನರ್ ಮತ್ತು ಮೈಕೆಲ್ ಫಿಶರ್ ಇಂಥ ಪುಟ್ಟ ಸರಪಳಿಗಳನ್ನೇ ಬಿಡಿಸಿ, ಸಮ ಮತ್ತು ಬೆಸ ಸಂಖ್ಯೆಗಳು ಎರಡು ಕಡೆಯಿಂದ ಒತ್ತಿ ಬರುವುದನ್ನು ಬಳಸಿಕೊಂಡೇ ಅನಂತ ಸರಪಳಿಯನ್ನು ಅಂದಾಜು ಮಾಡಿದ್ದರು. ಗ್ರಾಫಿನಿಂದ ತೆಗೆದುಹಾಕಲು ಹೊರಟಿದ್ದ ಬೆಸ ಬಿಂದುಗಳನ್ನು ಅವಳು ಉಳಿಸಿಕೊಂಡಳು.

ಹನ್ನೆರಡರಿಂದ ಮುಂದೆ ಹೋಗಲು ಲ್ಯಾಪ್‌ಟಾಪ್ ಒಪ್ಪಲಿಲ್ಲ. ಒಂದು ಸ್ಪಿನ್ ಹೆಚ್ಚಾದರೆ ಸ್ಥಿತಿಗಳು ಇಮ್ಮಡಿ, ಮ್ಯಾಟ್ರಿಕ್ಸ್ ನಾಲ್ಕು ಪಟ್ಟು. ಹನ್ನೆರಡಕ್ಕೆ 4,096 ಸ್ಥಿತಿ, ಮ್ಯಾಟ್ರಿಕ್ಸ್ ಪೂರ್ತಿ ಇಟ್ಟರೆ ಸುಮಾರು 134 ಎಂಬಿ. ಹದಿನಾಲ್ಕಕ್ಕೆ 2 ಜಿಬಿ ಮೀರುತ್ತದೆ. ಹದಿನಾರಕ್ಕೆ 65,536 ಸ್ಥಿತಿ, ಸುಮಾರು 34 ಜಿಬಿ. ಹಣ ಕೊಟ್ಟು ದೊಡ್ಡ ಯಂತ್ರ ತಂದರೂ ಇನ್ನೆರಡು ಹೆಜ್ಜೆಗೆ ಅದೂ ಸಾಕಾಗುವುದಿಲ್ಲ. ಬುದ್ಧಿಯಿಂದಲೇ ಹೋಗಬೇಕು. ಗ್ರೌಂಡ್ ಸ್ಟೇಟಿನಲ್ಲಿ ಮೇಲಿನ ಮುಖದವೂ ಕೆಳಗಿನ ಮುಖದವೂ ಸಮ ಸಮ, ಆ ಗುಂಪನ್ನು ಮಾತ್ರ ಹಿಡಿದರೆ 65,536ರ ಬದಲು 12,870. ಮ್ಯಾಟ್ರಿಕ್ಸಿನ ಬಹುಪಾಲು ಮನೆಗಳು ಸೊನ್ನೆ, ಇಡುವ ಅಗತ್ಯವೇ ಇಲ್ಲ. ಲ್ಯಾಂಕ್ಜೋಸ್ 1950ರಲ್ಲಿ ಕೊಟ್ಟ ವಿಧಾನದಲ್ಲಿ ಒಂದು ಸದಿಶವನ್ನು, ಅಂದರೆ ಸಂಖ್ಯೆಗಳ ಒಂದು ಪಟ್ಟಿಯನ್ನು, ಮ್ಯಾಟ್ರಿಕ್ಸಿನಿಂದ ಮತ್ತೆ ಮತ್ತೆ ಗುಣಿಸುತ್ತ ಹೋದರೆ ಕನಿಷ್ಠ ಶಕ್ತಿ ತಾನಾಗಿ ಮೇಲೆ ತೇಲಿ ಬರುತ್ತದೆ. ಆ ಸದಿಶಕ್ಕೆ ಬೇಕಾದ ಜಾಗ 100 ಕೆಬಿಯಷ್ಟು. ಅವಳೇ ಬರೆದಳು. ಓಡಿಸುವ ಮೊದಲು ನಾಲ್ಕರ ಉಂಗುರಕ್ಕೆ −2 ಬಂತೋ, ಒಂದು ಮನೆ ಸರಿಸಿದರೂ ಮ್ಯಾಟ್ರಿಕ್ಸ್ ಬದಲಾಗದೆ ಉಳಿಯುತ್ತದೆಯೋ, ಮಜುಂದಾರ್–ಘೋಷ್ ಮಾದರಿಗೆ ಗ್ರೌಂಡ್ ಸ್ಟೇಟ್ ಎರಡು ಬಂದವೋ ನೋಡಿದಳು. ಲ್ಯಾಂಕ್ಜೋಸ್ ವಿಧಾನ ಒಂದೇ ಶಕ್ತಿಯ ಎರಡು ಸ್ಥಿತಿಗಳನ್ನು ಒಂದೇ ಓಟದಲ್ಲಿ ಬೇರ್ಪಡಿಸಿ ತೋರಿಸುವುದಿಲ್ಲ. ಅದಕ್ಕೆ ಮೊದಲನೆಯದನ್ನು ಹೊರಗಿಟ್ಟು ಎರಡನೆಯ ಸಲ ಓಡಿಸಬೇಕು ಎಂಬುದನ್ನು ನಾನು ಹೇಳಲಿಲ್ಲ, ಅವಳೇ ಕಂಡುಕೊಂಡಳು. ಹದಿನಾರರ ಉಂಗುರಕ್ಕೆ −7.142296. ಪ್ರತಿ ಸ್ಪಿನ್ನಿಗೆ −0.446394.

ಮೊನ್ನೆ ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಬರುವಾಗ ಅವಳ ಫೋನ್ ಬಂತು. ಗೆರೆಯ ಇಳಿಜಾರು ಸಿದ್ಧಾಂತದ ಪ್ರಕಾರ 0.8225 ಇರಬೇಕು. ಹತ್ತು ಹನ್ನೆರಡರ ನಡುವೆ 0.849 ಇತ್ತು, ಹನ್ನೆರಡು ಹದಿನಾರರ ನಡುವೆ 0.841ಕ್ಕೆ ಇಳಿದಿದೆ. ಸರಿಯಾದ ಕಡೆಗೇ ಹೋಗುತ್ತಿದೆ, ಆದರೆ ತೀರ ನಿಧಾನ.

"ಇದೂ ನನ್ನ ತಪ್ಪೇನ್ರಿ ಸರ?"

ಅಲ್ಲವೆಂದೆ. ಈ ಸರಪಳಿಯಲ್ಲಿ ಉದ್ದದ ಲಾಗರಿದಮ್ ಮೇಲೆ ನಿಂತ ತಿದ್ದುಪಡಿಗಳಿವೆ, ಅವು ಸಾವಕಾಶ ಕರಗುತ್ತವೆ. ನೂರು ಸ್ಪಿನ್ನಿಗೂ ಪೂರ್ತಿ ಹೋಗುವುದಿಲ್ಲ. ನಿಧಾನಕ್ಕೆ ಕಾರಣ ಮಾದರಿಯಲ್ಲೇ ಇದೆ, ಪ್ರೋಗ್ರಾಮಿನಲ್ಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಇಪ್ಪತ್ತರ ಉಂಗುರಕ್ಕೆ ಸಮಸಮ ಗುಂಪಿನ ಸ್ಥಿತಿಗಳು 1,84,756, ಅವಳ ಲ್ಯಾಪ್‌ಟಾಪಿಗೆ ಅದು ಭಾರವಲ್ಲ, ರಾತ್ರಿ ಓಡಿಸಿ ಬೆಳಗ್ಗೆ ಇಳಿಜಾರು ಹೇಳುತ್ತೇನೆ ಎಂದಳು.